ಊರನ್ನು ಎಲ್ಲಿ ನಿಂತು ಎಣಿಸಬೇಕು

ಕಳೆದ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ಊರಿಗೆ ಮೊಬೈಲ್ ಸಿಗ್ನಲ್ ಯಾವಾಗ ಬರುತ್ತದೆ? ಊರು ಈಗಾಗಲೇ ಸಿಗ್ನಲ್ ಇರುವ ಗ್ರಾಮಗಳ ಯಾದಿಯಲ್ಲಿದೆ, ಹಾಗಾಗಿ ಹೊಸ ಟವರ್ ಕೇಳಲು ಬರುವುದಿಲ್ಲ ಎಂಬ ಉತ್ತರ ಬಂತು. ಉತ್ತರ ಕೊಟ್ಟವರು ಸುಳ್ಳು ಹೇಳಲಿಲ್ಲ. ನಮ್ಮ ಪ್ರಾಥಮಿಕ ಶಾಲೆಯ ಮೈದಾನದಲ್ಲಿ ನಿಂತರೆ ಪಕ್ಕದ ಪಂಚಾಯ್ತಿಯ ಟವರಿನಿಂದ ಎರಡು ಕಡ್ಡಿ ಸಿಗ್ನಲ್ ಬರುವುದು ನಿಜ. ಆದರೆ ಶಾಲೆ ಇರುವುದು ದಿಬ್ಬದ ಮೇಲೆ. ಮನೆಗಳಿರುವುದು ಅದರ ಸುತ್ತಲಿನ ಒಂಬತ್ತು ಕೇರಿಗಳಲ್ಲಿ. ಒಂದೊಂದು ಕೇರಿಯೂ ಒಂದೊಂದು ಕಣಿವೆಯ ಬುಡದಲ್ಲಿದೆ, ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ಅಡಿಕೆ ತೋಟ, ತೋಟದ ಆಚೆ ಹಳ್ಳ. ಆ ಒಂಬತ್ತರಲ್ಲಿ ಏಳು ಕೇರಿಗಳ ಯಾವ ಅಂಗಳದಲ್ಲಿ ನಿಂತರೂ ಫೋನು ಮಾತನಾಡುವುದಿಲ್ಲ.

ಬಯಲುಸೀಮೆಯಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಹೊಲಗಳು ಊರಿನ ಹೊರಗೆ ಹರಡಿಕೊಂಡಿರುತ್ತವೆ, ಊರ ನಡುವೆ ನಿಲ್ಲಿಸಿದ ಕಂಬ ಎಲ್ಲರ ಮನೆಯ ಮಾಡಿಗೂ ಕಾಣುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಹಾಗಲ್ಲ. ಇಲ್ಲಿ ನೀರು ಇರುವಲ್ಲಿ ತೋಟ, ತೋಟ ಇರುವಲ್ಲಿ ಮನೆ, ಮತ್ತು ನೀರು ಇರುವುದು ಯಾವಾಗಲೂ ತಗ್ಗಿನಲ್ಲಿ. ಒಂದು ಕಂದಾಯ ಗ್ರಾಮವೆಂದರೆ ಇಲ್ಲಿ ಒಂದು ಊರಲ್ಲ, ಗುಡ್ಡಗಳ ನಡುವೆ ಚೆದುರಿದ ಹಲವು ಊರುಗಳ ಒಟ್ಟು ಹೆಸರು. ಸೇವಾ ಸಹಕಾರಿ ಸಂಘವೊಂದರಲ್ಲಿ 31 ವರ್ಷ ಲೆಕ್ಕ ಬರೆದವನು ನಾನು. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಕೂಡಿಸುವಲ್ಲಿ ಅಲ್ಲ, ಯಾವುದನ್ನು ಒಂದು ಎಂದು ಹಿಡಿಯಬೇಕೆಂದು ತೀರ್ಮಾನಿಸುವಲ್ಲಿ ಎಂಬುದು ಆ ಕೆಲಸದಿಂದ ನನಗೆ ಮನವರಿಕೆಯಾಗಿದೆ. ನಮ್ಮ ದೇಶದ ದೂರಸಂಪರ್ಕ ನೀತಿಯ ಬಗ್ಗೆ ಬರೆಯುವವರು ತರಂಗಾಂತರದ ಹರಾಜು, 5ಜಿಯ ವೇಗ, ಕಂಪನಿಗಳ ಸಾಲ ಇವುಗಳ ಬಗ್ಗೆ ಬರೆಯುತ್ತಾರೆ. ಅವೆಲ್ಲ ಬೇಕಾದ ಚರ್ಚೆಗಳೇ. ಆದರೆ ಉತ್ತರ ಕನ್ನಡದ ಘಟ್ಟದ ಮೇಲಿನವರಿಗೆ ಆ ನೀತಿ ತಲುಪುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಅದು ಗ್ರಾಮವನ್ನು ಎಣಿಸುತ್ತದೆಯೋ ಮನೆಯನ್ನು ಎಣಿಸುತ್ತದೆಯೋ ಎಂಬ ಒಂದು ವಿಷಯದಲ್ಲಿ.

ಹಳ್ಳಿಯ ಅಳತೆಯನ್ನು ಸರಿಯಾಗಿ ಹಿಡಿದು ಕೆಲಸ ಮಾಡಿದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ 1984ರ ಆಗಸ್ಟ್‌ನಲ್ಲಿ ಆರಂಭವಾದಾಗ ಅದಕ್ಕೆ ಕೊಟ್ಟದ್ದು 36 ತಿಂಗಳ ಅವಧಿ ಮತ್ತು 36 ಕೋಟಿ ರೂಪಾಯಿ. ಅದನ್ನು ಕಟ್ಟಿದ ಸ್ಯಾಮ್ ಪಿತ್ರೋಡಾ ಅವರ ಹೆಸರು ಎಲ್ಲರಿಗೂ ಗೊತ್ತು. ಅದನ್ನು ಮುನ್ನಡೆಸಿದವರಲ್ಲಿ ಕನ್ನಡಿಗರಾದ ಜಿ.ಬಿ. ಮೀಮಾಂಸಿಯವರೂ ಇದ್ದರು ಎಂಬುದು ನಮ್ಮಲ್ಲಿ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಆ ಕಾಲದಲ್ಲಿ ವಿದೇಶದಿಂದ ತರಿಸುತ್ತಿದ್ದ, ಫೋನು ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳಿಗೆಂದು ಕಟ್ಟಿದವು, ಹವಾನಿಯಂತ್ರಿತ ಕೋಣೆಯನ್ನು ಬೇಡುವಂಥವು. ಹಳ್ಳಿಯಲ್ಲಿ ಅಷ್ಟು ಲೈನುಗಳು ಬೇಡ, ಅಂಥ ಕೋಣೆಯೂ ಇಲ್ಲ. ಆದ್ದರಿಂದ ಸಿ-ಡಾಟ್‌ನವರು 128 ಲೈನುಗಳ, ಹವಾನಿಯಂತ್ರಣ ಇಲ್ಲದೆಯೇ ಸೆಖೆ ಮತ್ತು ಧೂಳಿನಲ್ಲಿ ನಡೆಯಬಲ್ಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರೂಪಿಸಿದರು. ಅದರಲ್ಲಿ ಮೊದಲನೆಯದು 1986ರ ಜುಲೈನಲ್ಲಿ ಕೆಲಸ ಆರಂಭಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಯಂತ್ರಕ್ಕೆ ತಕ್ಕಂತೆ ಹಳ್ಳಿಯನ್ನು ಹುಡುಕದೆ, ಹಳ್ಳಿಗೆ ತಕ್ಕಂತೆ ಯಂತ್ರವನ್ನು ಕಟ್ಟಿದ ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಮುಂದಿನ ವರ್ಷಗಳಲ್ಲಿ ದೇಶದ ಸಾವಿರಾರು ಹಳ್ಳಿಗಳಿಗೆ ಫೋನು ಹೋದದ್ದು ಇಂಥ ಸಣ್ಣ ಎಕ್ಸ್‌ಚೇಂಜುಗಳ ಮೂಲಕ.

ನಮ್ಮ ಪಕ್ಕದ ಊರಿಗೂ ಅಂಥದೊಂದು ಎಕ್ಸ್‌ಚೇಂಜ್ ಬಂತು. ನಮ್ಮ ಮನೆಗೆ ಫೋನು ಬಂದದ್ದು 1990ರ ದಶಕದ ಕೊನೆಗೆ. ಅದಕ್ಕೆ ಮೊದಲು ಇಡೀ ಊರಿಗೆ ಇದ್ದದ್ದು ಅಂಗಡಿಯಲ್ಲಿನ ಒಂದು ಸಾರ್ವಜನಿಕ ಫೋನು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು 1997ರೊಳಗೆ ಎಲ್ಲ ಹಳ್ಳಿಗಳಿಗೂ ಫೋನು ತಲುಪಬೇಕು, ಕೇಳಿದವರಿಗೆಲ್ಲ ಫೋನು ಸಿಗಬೇಕು ಎಂದು ಹೇಳಿತ್ತು. ಆ ಗಡುವಿನಲ್ಲಿ ಕೆಲಸ ಮುಗಿಯಲಿಲ್ಲ. ಆಗಲೂ ಎಣಿಸುತ್ತಿದ್ದದ್ದು ಗ್ರಾಮವನ್ನೇ, ಊರಿಗೊಂದು ಫೋನು ಇದ್ದರೆ ಊರು ಮುಗಿಯಿತು ಎಂದೇ ಲೆಕ್ಕ. ಆದರೆ ಆಗ ಆ ಲೆಕ್ಕದಲ್ಲಿ ಅರ್ಥವಿತ್ತು. ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದ ಮಗ ಅಂಗಡಿಗೆ ಫೋನು ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಮಾಡುತ್ತೇನೆಂದರೆ, ಅಂಗಡಿಯ ಹುಡುಗ ಗುಡ್ಡ ಇಳಿದು ಓಡಿ ಬಂದು ತಾಯಿಯನ್ನು ಕರೆದುಕೊಂಡು ಹೋಗುತ್ತಿದ್ದ. ಸತ್ತ ಸುದ್ದಿ, ಹೆತ್ತ ಸುದ್ದಿ ಎರಡೂ ಹಾಗೆಯೇ ಮನೆ ಮುಟ್ಟುತ್ತಿದ್ದವು. ಕೊನೆಯ ಒಂದೆರಡು ಮೈಲಿಯನ್ನು ಮನುಷ್ಯರೇ ತುಂಬಿಕೊಡುತ್ತಿದ್ದರು. ಇಂದು ಫೋನಿನ ಮೇಲೆ ಬಂದು ಕುಳಿತಿರುವ ಕೆಲಸಗಳನ್ನು ಹಾಗೆ ಇನ್ನೊಬ್ಬರು ಹೊತ್ತು ತರಲು ಆಗುವುದಿಲ್ಲ. ಹತ್ತು ನಿಮಿಷದಲ್ಲಿ ಸಾಯುವ ಒಟಿಪಿಯನ್ನು ಗುಡ್ಡ ಇಳಿಸಿ ತಂದು ಕೊಡುವ ಹುಡುಗ ಯಾರೂ ಇಲ್ಲ. ಸೇವೆಯ ಸ್ವರೂಪ ಬದಲಾಯಿತು, ಅದನ್ನು ಅಳೆಯುವ ಘಟಕ ಮಾತ್ರ ಬದಲಾಗಲಿಲ್ಲ.

ನಡುವೆ ಒಂದು ಒಳ್ಳೆಯ ಕಾಲವೂ ಬಂದಿತ್ತು ಎಂಬುದನ್ನು ಹೇಳಲೇಬೇಕು. ತಂತಿಯ ಫೋನು ಪ್ರತಿ ಕೇರಿಗೂ ಇಳಿದಿತ್ತು, ಯಾವ ಕಂಬದ ಮೇಲೆ ಯಾವ ಮರ ಬಿದ್ದಿದೆ ಎಂಬುದನ್ನು ಲೈನ್‌ಮ್ಯಾನ್ ನೆನಪಿನಿಂದಲೇ ಹೇಳುತ್ತಿದ್ದರು, ತಂತಿ ಹೋಗದ ಒಂಟಿ ಮನೆಗಳಿಗೆ ಟವರಿನಿಂದ ನಿಸ್ತಂತುವಾಗಿ ನಡೆಯುವ ಡಬ್ಲ್ಯೂಎಲ್‌ಎಲ್ ಫೋನು ಬಂದಿತ್ತು. ಅಂಗಳದಲ್ಲಿ ಅಡಿಕೆ ದಬ್ಬೆಗೆ ಆಂಟೆನಾ ಕಟ್ಟಿ, ಟವರಿನ ದಿಕ್ಕಿಗೆ ತಿರುಗಿಸಿ, ಒಳಗಿನಿಂದ ಒಬ್ಬರು "ಈಗ ಬಂತು, ಅಲ್ಲೇ ಬಿಡು" ಎಂದು ಕೂಗುತ್ತಿದ್ದ ದಿನಗಳು ಈ ಕಡೆಯ ಬಹಳ ಮನೆಗಳಲ್ಲಿ ನೆನಪಿರಬಹುದು. ತಂತಿಯ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತಿದ್ದುದರಿಂದ ಮನೆಯಲ್ಲಿ ನಾಲ್ಕು ದಿನ ಕರೆಂಟ್ ಇಲ್ಲದಿದ್ದರೂ ಅದು ಸತ್ತಿರುತ್ತಿರಲಿಲ್ಲ. ಮೊಬೈಲ್ ಬಂದ ಮೇಲೆ ಪೇಟೆಯಲ್ಲಿ ತಂತಿಯ ಫೋನು ಬೇಡವಾಯಿತು, ಆದಾಯ ಇಳಿಯಿತು, ದುರಸ್ತಿ ನಿಂತಿತು, ರಸ್ತೆ ಅಗಲ ಮಾಡುವಾಗ ತುಂಡಾದ ಕೇಬಲ್ ಹಾಗೆಯೇ ಮಣ್ಣಿನಡಿ ಉಳಿಯಿತು. ಹೊಸದು ಇಲ್ಲಿಗೆ ಪೂರ್ತಿಯಾಗಿ ಬರುವ ಮೊದಲೇ ಹಳೆಯದು ಹೋಯಿತು. ಒಂದು ತಂತ್ರಜ್ಞಾನವನ್ನು ನಿಲ್ಲಿಸುವ ಮೊದಲು ಅದನ್ನು ನಂಬಿದ ಮನೆಗಳಿಗೆ ಬೇರೆ ದಾರಿ ಇದೆಯೇ ಎಂದು ಮನೆಮನೆಯಾಗಿ ನೋಡಬೇಕೆಂಬ ಕಟ್ಟಳೆ ನಮ್ಮ ನೀತಿಯಲ್ಲಿ ಇದ್ದಿದ್ದರೆ, ಇಂದು ಗ್ರಾಮಸಭೆಯಲ್ಲಿ ನನ್ನ ಪ್ರಶ್ನೆಗೆ ಜಾಗವೇ ಇರುತ್ತಿರಲಿಲ್ಲ.

ಫೋನಿನಿಂದ ಏನು ಲಾಭ ಎಂದು ಕೇಳುವವರು ಈಗ ಯಾರೂ ಇಲ್ಲ. ಆದರೂ ಲಾಭ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಕೇರಳದ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡ್ ಜಿಲ್ಲೆಗಳ ಮೀನುಗಾರರ ಬಗ್ಗೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. 1997ರಿಂದ 2001ರ ನಡುವೆ ಆ ಕರಾವಳಿಗೆ ಮೊಬೈಲ್ ಹಂತಹಂತವಾಗಿ ಬಂತು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ತಾರ್ಲೆ ಮೀನನ್ನು ಮತ್ತೆ ಸಮುದ್ರಕ್ಕೆ ಚೆಲ್ಲುತ್ತಿದ್ದ ಅದೇ ಬೆಳಗ್ಗೆ, ಹತ್ತಾರು ಕಿಲೋಮೀಟರ್ ಆಚೆಯ ಇನ್ನೊಂದು ದಡದಲ್ಲಿ ಮೀನು ಸಿಗದೆ ವ್ಯಾಪಾರಿಗಳು ಹಿಂದಿರುಗುತ್ತಿದ್ದರು. ಟವರುಗಳು ಕರಾವಳಿಯಲ್ಲೇ ಇದ್ದುದರಿಂದ ಸಿಗ್ನಲ್ ಸಮುದ್ರದ ಒಳಗೂ 20–25 ಕಿಲೋಮೀಟರ್ ತನಕ ಸಿಗುತ್ತಿತ್ತು; ದೋಣಿಯಿಂದಲೇ ಫೋನು ಮಾಡಿ ದರ ಕೇಳಿ ಯಾವ ದಡಕ್ಕೆ ಹೋಗಬೇಕೆಂದು ನಿರ್ಧರಿಸಲು ಸಾಧ್ಯವಾಯಿತು. ಚೆಲ್ಲುವುದು ನಿಂತಿತು, ದಡದಿಂದ ದಡಕ್ಕೆ ಇದ್ದ ದರದ ಅಂತರ ತೀರ ಕಡಿಮೆಯಾಯಿತು, ಮೀನುಗಾರರ ಲಾಭ ಸರಾಸರಿ ಶೇಕಡ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇಕಡ 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಏಕಕಾಲಕ್ಕೆ ಒಳಿತಾಗುವುದು ಅಪರೂಪ. ಇದನ್ನು ನಾನು ಕಾರವಾರದ ಬೈತಖೋಲದಲ್ಲಿಯೋ ತದಡಿಯಲ್ಲಿಯೋ ದೋಣಿಯವರಿಗೆ ಹೇಳಿದರೆ ಅವರಿಗೆ ಹೊಸದೆನಿಸದು. ಬೋಟು ಬಂದರಿಗೆ ತಾಗುವ ಮೊದಲೇ ಬಂಗುಡೆ ಎಷ್ಟು ಬುಟ್ಟಿ ಇದೆ ಎಂಬ ಮಾತು ದಡ ಮುಟ್ಟಿರುತ್ತದೆ.

ಘಟ್ಟದ ಮೇಲೆ ಇದೇ ಸಂಗತಿ ಅಡಿಕೆಯಲ್ಲಿ ನಡೆಯಿತು. ಶಿರಸಿಯ ಮಾರುಕಟ್ಟೆಯಲ್ಲಿ ಟೆಂಡರ್ ಪದ್ಧತಿ ಇದೆ. ಬೆಳೆಗಾರರು ಸಹಕಾರಿ ಸಂಘಗಳಲ್ಲಿ ಅಡಿಕೆಯನ್ನು ಲಾಟ್ ಮಾಡಿ ಇಡುತ್ತಾರೆ, ವ್ಯಾಪಾರಿಗಳು ನೋಡಿ ದರ ಬರೆದು ಹಾಕುತ್ತಾರೆ, ಹೆಚ್ಚು ಬರೆದವರಿಗೆ ಲಾಟ್ ಹೋಗುತ್ತದೆ. ಮೊದಲು ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳಿಗೆ ಆ ದಿನ ದರ ಎಷ್ಟು ಎಂಬುದು ತಿಳಿಯಲು ಮಾರನೆಯ ದಿನದ ಪತ್ರಿಕೆ ಬರಬೇಕಿತ್ತು, ಇಲ್ಲವೇ ಪೇಟೆಗೆ ಹೋದವರು ಸಂಜೆಯ ಬಸ್ಸಿಗೆ ವಾಪಸು ಬರಬೇಕಿತ್ತು. ಇದರ ನಡುವೆ ಮನೆ ಬಾಗಿಲಿಗೆ ಬಂದು ಕೊಳ್ಳುವವನು ಹೇಳಿದ್ದೇ ದರ. ಈಗ ಟೆಂಡರ್ ಮುಗಿದ ಸ್ವಲ್ಪ ಹೊತ್ತಿಗೆ ದರ ಮೊಬೈಲಿಗೆ ಬರುತ್ತದೆ. ಸಂಘದಲ್ಲಿ ಕುಳಿತು ನಾನು ಕಂಡದ್ದು ಏನೆಂದರೆ, ದೊಡ್ಡ ಹಿಡುವಳಿಯವರಿಗೆ ಇದರಿಂದ ಬಹಳ ವ್ಯತ್ಯಾಸವಾಗಲಿಲ್ಲ, ಅವರಿಗೆ ಪೇಟೆಯಲ್ಲಿ ಮೊದಲೂ ಜನ ಇದ್ದರು. ವ್ಯತ್ಯಾಸವಾದದ್ದು ಅರ್ಧ ಎಕರೆಯವರಿಗೆ, ತುರ್ತಿಗೆಂದು ಎರಡು ಚೀಲ ಮಾರುವವರಿಗೆ. ಸಿಗ್ನಲ್ ಇಲ್ಲದ ಕೇರಿಯ ಅರ್ಧ ಎಕರೆಯವರಿಗೆ ಇಂದಿಗೂ ಬಾಗಿಲಿಗೆ ಬಂದವನು ಹೇಳಿದ್ದೇ ದರ.

ಇಷ್ಟಾದರೂ ಇದು ಲಾಭದ ಮಾತಾಯಿತು. ನನ್ನನ್ನು ಹೆಚ್ಚು ಕಾಡುವುದು ಹಕ್ಕಿನ ಮಾತು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸರ್ಕಾರದ ಸೇವೆಗಳು ಒಂದೊಂದಾಗಿ ಫೋನಿನ ಹಿಂದೆ ಹೋಗಿ ನಿಂತವು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದರೆ ಅದು ದೂರದ ಸರ್ವರಿನಲ್ಲಿ ತಾಳೆಯಾಗಬೇಕು. ಉದ್ಯೋಗ ಖಾತರಿಯ ಕೆಲಸದಲ್ಲಿ 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಬಾರಿ ಚಿತ್ರ ತೆಗೆದು ಹಾಜರಿ ಹಾಕಬೇಕಾಯಿತು. ಬ್ಯಾಂಕಿನ ವ್ಯವಹಾರ, ಬೆಳೆ ವಿಮೆ, ಪಹಣಿ, ಮಕ್ಕಳ ವಿದ್ಯಾರ್ಥಿವೇತನ, ಎಲ್ಲಕ್ಕೂ ಒಂದು ಸಂಖ್ಯೆ ಫೋನಿಗೆ ಬರಬೇಕು. ನಮ್ಮ ಕೇರಿಯ ಹಿರಿಯರೊಬ್ಬರು ತಿಂಗಳಿಗೊಮ್ಮೆ ನನ್ನ ಕೈಯಲ್ಲಿ ತಮ್ಮ ಫೋನು ಕೊಟ್ಟು, ಶಾಲೆಯ ದಿಬ್ಬ ಹತ್ತಲು ತಮಗೆ ಆಗದೆಂದು ಕೆಳಗೆ ಕಟ್ಟೆಯ ಮೇಲೆ ಕುಳಿತು, "ತಮಾ, ನಂಬರ್ ಬಂಜಾ ನೋಡು" ಎಂದು ಕೂಗಿ ಕೇಳುತ್ತಾರೆ. ಅವರ ಖಾತೆಯ ಗುಟ್ಟಿನ ಸಂಖ್ಯೆಯನ್ನು ನಾನು ಮೇಲಿನಿಂದ ಕೂಗಿ ಹೇಳುತ್ತೇನೆ, ಕೆಳಗಿನ ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳುವಂತೆ. ಸುರಕ್ಷತೆಗೆಂದು ಮಾಡಿದ ವ್ಯವಸ್ಥೆ ಸಿಗ್ನಲ್ ಇಲ್ಲದ ಕಡೆ ಸುರಕ್ಷತೆಯನ್ನೇ ಕಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಒಂದು ಸೇವೆಯನ್ನು ಪಡೆಯಲು ಫೋನು ಕಡ್ಡಾಯವೆಂದು ಸರ್ಕಾರ ಹೇಳಿದ ದಿನದಿಂದಲೇ, ಆ ಫೋನು ಮನೆಯಲ್ಲಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆಯೂ ಸರ್ಕಾರದ್ದೇ ಆಗುತ್ತದೆ.

2020 ಮತ್ತು 2021ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಗುಡ್ಡದ ತುದಿಯಲ್ಲಿ ತಾಡಪಾಲು ಕಟ್ಟಿಕೊಂಡು ಮಳೆಯಲ್ಲಿ ಪಾಠ ಕೇಳಿದ್ದನ್ನು ಪತ್ರಿಕೆಗಳು ಸಾಹಸವೆಂದು ಬರೆದವು. ಆ ಮಕ್ಕಳಲ್ಲಿ ನನ್ನ ತಂಗಿಯ ಮಗಳೂ ಇದ್ದಳು. ನಮಗೆ ಅದು ಸಾಹಸವೆನಿಸಿರಲಿಲ್ಲ. ಉಂಬಳ, ಹಾವು, ಸಿಡಿಲು ಇರುವ ಕಡೆ ಹೆಣ್ಣು ಮಗುವನ್ನು ಒಂಟಿಯಾಗಿ ಕಳುಹಿಸಲಾಗದೆ ತಂಗಿ ದಿನವೂ ಕೊಟ್ಟಿಗೆಯ ಕೆಲಸ ಬಿಟ್ಟು ಅವಳ ಜೊತೆ ಕುಳಿತಿದ್ದಳು.

ದೂರವಾಣಿ ಸಾಂದ್ರತೆ ಎಂಬ ಇನ್ನೊಂದು ಅಳತೆಯ ಬಗ್ಗೆಯೂ ಹೇಳಬೇಕು. ನೂರು ಜನರಿಗೆ ಎಷ್ಟು ಸಂಪರ್ಕಗಳಿವೆ ಎಂಬುದು ಅದರ ಅರ್ಥ. 1999ರ ದೂರಸಂಪರ್ಕ ನೀತಿ ಬಂದಾಗ ಗ್ರಾಮೀಣ ಸಾಂದ್ರತೆ 0.4 ಇತ್ತು, ಅದನ್ನು 2010ರೊಳಗೆ 4ಕ್ಕೆ ಏರಿಸಬೇಕೆಂಬುದು ಗುರಿ. ಅದು ಎಂದೋ ದಾಟಿಹೋಗಿ ಈಗ 60ರ ಆಸುಪಾಸಿನಲ್ಲಿದೆ, ನಗರಗಳಲ್ಲಿ 100ನ್ನು ಮೀರಿದೆ. ಇದು ನಿಜವಾಗಿಯೂ ದೊಡ್ಡ ಸಾಧನೆ, ನಾನು ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಈ ಅಳತೆ ಎಣಿಸುವುದು ಸಿಮ್‌ಗಳನ್ನು. ನಮ್ಮಲ್ಲಿ ಬಹಳ ಜನರ ಬಳಿ ಎರಡು ಸಿಮ್ ಇವೆ, ಏಕೆಂದರೆ ಒಂದು ಕಂಪನಿಯದು ತೋಟದ ತಲೆಯಲ್ಲಿ ಸಿಗುತ್ತದೆ, ಇನ್ನೊಂದರದು ಡಾಂಬರು ರಸ್ತೆಯಲ್ಲಿ ಸಿಗುತ್ತದೆ, ಎರಡೂ ಮನೆಯಲ್ಲಿ ಸಿಗುವುದಿಲ್ಲ. ಎರಡಕ್ಕೂ ತಿಂಗಳು ತಿಂಗಳು ಕರೆನ್ಸಿ ಹಾಕಿಸಬೇಕು. ಹೀಗೆ ಸೇವೆ ಕೆಟ್ಟಿರುವ ಕಡೆಯೇ ಸಿಮ್‌ಗಳ ಸಂಖ್ಯೆ ಹೆಚ್ಚಿ, ಅಂಕಿಯಲ್ಲಿ ಸಾಂದ್ರತೆ ಚೆನ್ನಾಗಿ ಕಾಣುತ್ತದೆ.

ಮಳೆಗಾಲದ ವಿಷಯವೇ ಬೇರೆ. ಜೂನ್ ಎರಡನೆಯ ವಾರದ ನಂತರ ಗಾಳಿ ಎದ್ದರೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಜನರೇಟರ್ ಇದ್ದರೆ ಅದಕ್ಕೆ ಡೀಸೆಲ್ ಬೇಕು, ಡೀಸೆಲ್ ತರುವ ರಸ್ತೆಯ ಮೇಲೆಯೂ ಮರ ಬಿದ್ದಿರುತ್ತದೆ. ಹೀಗಾಗಿ ಫೋನು ಅತ್ಯಂತ ಬೇಕಾದ ದಿನಗಳಲ್ಲಿಯೇ ಶಾಲೆಯ ದಿಬ್ಬದ ಎರಡು ಕಡ್ಡಿಯೂ ಮಾಯವಾಗುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಂದು, ರಸ್ತೆ ಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ದೂಡಿತು. ಆ ವಾರ ನಮ್ಮ ಊರಿನಲ್ಲಿ ಐದು ದಿನ ಕರೆಂಟ್ ಇರಲಿಲ್ಲ. ಅಂಕೋಲೆಗೆ ಮದುವೆಯಾಗಿ ಹೋದ ನಮ್ಮ ಅಕ್ಕ ಕ್ಷೇಮವಾಗಿದ್ದಾಳೆ ಎಂಬುದು ನಮ್ಮ ಆಯಿಗೆ ತಿಳಿದದ್ದು ಮೂರನೆಯ ದಿನ, ಶಿರಸಿಗೆ ಹೋಗಿ ಬಂದವರೊಬ್ಬರ ಬಾಯಿಯಿಂದ. ಈಗ ಅತಿವೃಷ್ಟಿಯ ಎಚ್ಚರಿಕೆ ಮೊಬೈಲಿಗೆ ಸಂದೇಶವಾಗಿ ಬರುತ್ತದೆ, ಅದು ಒಳ್ಳೆಯ ವ್ಯವಸ್ಥೆ. ಆದರೆ ಗುಡ್ಡದ ಬುಡದಲ್ಲಿರುವ ಮನೆಗೇ ಗುಡ್ಡ ಕುಸಿಯುವ ಭಯ, ಗುಡ್ಡದ ಬುಡದಲ್ಲಿರುವ ಮನೆಗೇ ಸಿಗ್ನಲ್ ಇಲ್ಲ. ಎರಡಕ್ಕೂ ಕಾರಣ ಒಂದೇ ಗುಡ್ಡ.

ಕಳೆದ ಮಳೆಗಾಲದಲ್ಲಿ ಒಂದು ಕಂಪನಿಗೆ ನಾನು ದೂರು ಕೊಟ್ಟಿದ್ದೆ. ಗ್ರಾಮದಲ್ಲಿ ಸೇವೆ ಲಭ್ಯವಿದೆ ಎಂದು ಬರೆದು ದೂರನ್ನು ಮುಚ್ಚಿದರು. ಆಮೇಲೆ ನಿಯಮಗಳನ್ನು ಓದಲು ಕುಳಿತೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಆಗಸ್ಟ್‌ನಲ್ಲಿ ಸೇವಾ ಗುಣಮಟ್ಟದ ಹೊಸ ನಿಯಮಗಳನ್ನು ಹೊರಡಿಸಿದೆ. ಅದರಲ್ಲಿ ಎರಡು ಒಳ್ಳೆಯ ಅಂಶಗಳಿವೆ. ಕಂಪನಿಗಳು ಎಲ್ಲೆಲ್ಲಿ ಸಿಗ್ನಲ್ ಇದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು; ಸೇವೆ 24 ಗಂಟೆಗಿಂತ ಹೆಚ್ಚು ನಿಂತರೆ ಗ್ರಾಹಕರಿಗೆ ಫೋನಿನ ತಿಂಗಳ ಬಾಡಿಗೆಯಲ್ಲಿ ಕಡಿತವನ್ನೋ ಕರೆನ್ಸಿಯ ಅವಧಿಯ ವಿಸ್ತರಣೆಯನ್ನೋ ಕೊಡಬೇಕು. ಓದುತ್ತ ಸಂತೋಷವಾಯಿತು, ಮುಂದೆ ಓದಿದಾಗ ತಿಳಿಯಿತು: ಪರಿಹಾರ ಸಿಗುವುದು ಜಿಲ್ಲಾ ಮಟ್ಟದಲ್ಲಿ ಸೇವೆ ನಿಂತಾಗ. ಕಾರವಾರದ ಕಡಲಿನಿಂದ ಮುಂಡಗೋಡಿನ ಗದ್ದೆಯವರೆಗೆ ಹನ್ನೆರಡು ತಾಲ್ಲೂಕುಗಳಲ್ಲಿ ಹರಡಿದ ಈ ಜಿಲ್ಲೆ ಒಟ್ಟಿಗೆ ಮೌನವಾಗುವುದು ಎಂದಾದರೂ ಒಮ್ಮೆ. ಜೋಯಿಡಾದ ಒಂದು ಹಳ್ಳಿ ತಿಂಗಳುಗಟ್ಟಲೆ ಮೌನವಾಗಿದ್ದರೆ ಅದು ಆ ನಿಯಮದ ಕಣ್ಣಿಗೆ ಬೀಳುವುದಿಲ್ಲ. ಸಿಗ್ನಲ್ ಇದೆ ಎನ್ನಲು ಗ್ರಾಮದ ಒಂದು ಮೂಲೆ ಸಾಕು, ಸಿಗ್ನಲ್ ಇಲ್ಲ ಎನ್ನಲು ಇಡೀ ಜಿಲ್ಲೆ ಬೇಕು. ಈ ಎರಡು ಘಟಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಸಮಸ್ಯೆ ಎಲ್ಲಿ ಕಳೆದುಹೋಗುತ್ತದೆ ಎಂಬುದು ಕಾಣುತ್ತದೆ.

ದುಡ್ಡಿನ ಕೊರತೆಯೆಂದು ಹೇಳಲು ಆಗುವುದಿಲ್ಲ. ಲಾಭವಿಲ್ಲದ ಕಡೆ ಸೇವೆ ಕೊಡಲೆಂದೇ ಕಂಪನಿಗಳ ಹೊಂದಾಣಿಕೆಯಾದ ಒಟ್ಟು ಆದಾಯದ, ಅಂದರೆ ಕೆಲವು ಬಾಬ್ತು ಕಳೆದು ಉಳಿಯುವ ಆದಾಯದ, ಶೇಕಡ 5ರಷ್ಟನ್ನು ಪಡೆಯುವ ಸಾರ್ವತ್ರಿಕ ಸೇವಾ ನಿಧಿ 2002ರ ಏಪ್ರಿಲ್ 1ರಿಂದ ಇದೆ. 2003ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು, 2006ರ ತಿದ್ದುಪಡಿಯ ಮೇಲೆ ಮೊಬೈಲ್ ಸೇವೆಗೂ ಅದನ್ನು ಬಳಸಬಹುದಾಯಿತು, 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದು ಡಿಜಿಟಲ್ ಭಾರತ ನಿಧಿ ಎಂಬ ಹೆಸರು ಪಡೆಯಿತು. ಸಂಗ್ರಹವಾದ ಹಣದಲ್ಲಿ ದೊಡ್ಡ ಭಾಗ ವರ್ಷಾನುಗಟ್ಟಲೆ ಬಳಕೆಯಾಗದೆ ಉಳಿದಿತ್ತು. ನಾವು ಕರೆನ್ಸಿ ಹಾಕಿಸಿದ ಪ್ರತಿ ಸಲವೂ ಅದರ ಒಂದು ಪಾಲು ಆ ನಿಧಿಗೆ ಹೋಗಿದೆ, ಸಿಗ್ನಲ್ ಇಲ್ಲದ ಏಳು ಕೇರಿಯವರದೂ ಸೇರಿ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ 26,316 ಕೋಟಿ ರೂಪಾಯಿಯ 4ಜಿ ಯೋಜನೆಯನ್ನು ಒಪ್ಪಿತು. ಸಿಗ್ನಲ್ ಇಲ್ಲದ 24,680 ಗ್ರಾಮಗಳಿಗೆ ಬಿಎಸ್‌ಎನ್‌ಎಲ್ ಮೂಲಕ ಸೇವೆ ಕೊಡುವುದು ಅದರ ಉದ್ದೇಶ, ಮತ್ತು ಶೇಕಡ 20ರಷ್ಟು ಹೆಚ್ಚುವರಿ ಗ್ರಾಮಗಳನ್ನು ಸೇರಿಸಿಕೊಳ್ಳಲೂ ಅದರಲ್ಲಿ ಅವಕಾಶವಿದೆ. ನಮ್ಮ ಜಿಲ್ಲೆಯ ಕಾಡಿನ ನಡುವೆ ಹೊಸ ಟವರುಗಳು ಎದ್ದಿರುವುದು ಇದರಿಂದಲೇ, ಅದನ್ನು ಕಂಡು ನನಗೆ ಸಂತೋಷವಿದೆ. ನಿಧಿಯ ಹಣದಿಂದ ಎದ್ದ ಟವರನ್ನು ಯಾವ ಕಂಪನಿಯ ಗ್ರಾಹಕರಾದರೂ ಬಳಸಬಹುದಾದ ವ್ಯವಸ್ಥೆಯೂ 2025ರ ಜನವರಿಯಲ್ಲಿ ಆರಂಭವಾಗಿದೆ. ಎರಡು ಸಿಮ್‌ನ ಹೊರೆ ಇಳಿಯಬೇಕಾದರೆ ಇದೇ ದಾರಿ.

ಯಾವ ತರಂಗಾಂತರ ಎಂಬುದೂ ನಮಗೆ ಮುಖ್ಯ. 700 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗ ದೂರ ಹೋಗುತ್ತದೆ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗುತ್ತದೆ, ಒದ್ದೆ ಎಲೆಗಳ ನಡುವೆ ಮೇಲಿನ ತರಂಗಗಳಷ್ಟು ಸೋರಿ ಹೋಗುವುದಿಲ್ಲ. ಮಲೆನಾಡಿಗೆ ಹೇಳಿ ಮಾಡಿಸಿದಂಥ ಆ ತರಂಗ 2016ರ ಹರಾಜಿನಲ್ಲಿಯೂ 2021ರ ಹರಾಜಿನಲ್ಲಿಯೂ ಯಾರೂ ಕೊಳ್ಳದೆ ಉಳಿಯಿತು. ಮೂಲಬೆಲೆಯನ್ನು ಅಷ್ಟು ಎತ್ತರದಲ್ಲಿ ಇಡಲಾಗಿತ್ತು. 2022ರಲ್ಲಿ ಬೆಲೆ ಇಳಿಸಿದ ಮೇಲೆ ಅದು ಬಳಕೆಗೆ ಬಂತು. ಆರು ವರ್ಷ ಆಕಾಶದಲ್ಲಿ ಸುಮ್ಮನೆ ಬಿದ್ದಿದ್ದ ತರಂಗದಿಂದ ಬೊಕ್ಕಸಕ್ಕೂ ಏನೂ ಬರಲಿಲ್ಲ, ಹಳ್ಳಿಗೂ ಏನೂ ಬರಲಿಲ್ಲ.

ಕಾಡಿನ ಕಾನೂನು ಅಡ್ಡ ಬರುತ್ತದೆ ಎಂಬ ಮಾತನ್ನು ಇಲ್ಲಿ ಪದೇ ಪದೇ ಕೇಳುತ್ತೇವೆ. ಜಿಲ್ಲೆಯ ಬಹುಭಾಗ ಅರಣ್ಯವೇ ಆಗಿರುವಾಗ ಅದು ಸಣ್ಣ ಮಾತಲ್ಲ, ಮತ್ತು ಕಾಡು ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3ನೆಯ ಸೆಕ್ಷನ್ನಿನ 2ನೆಯ ಉಪಸೆಕ್ಷನ್ ಓದಿದವರು ಕಡಿಮೆ. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರಿನ ಜೊತೆಗೆ ವಿದ್ಯುತ್ ಮತ್ತು ದೂರಸಂಪರ್ಕದ ಲೈನುಗಳಿಗೂ, ಅವು ಸರ್ಕಾರ ನಿರ್ವಹಿಸುವ ಸೌಲಭ್ಯಗಳಾಗಿದ್ದರೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಒದಗಿಸಲು ಅಲ್ಲಿ ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಮತ್ತು ಗ್ರಾಮಸಭೆಯ ಶಿಫಾರಸು ಇರಬೇಕು. ಅಂದರೆ ದಾರಿ ಆರಂಭವಾಗುವುದು ದಿಲ್ಲಿಯಲ್ಲಿ ಅಲ್ಲ, ನಾವು ಕುಳಿತಿದ್ದ ಆ ಸಭೆಯಲ್ಲಿಯೇ. ಪಂಚಾಯ್ತಿ ಕಚೇರಿಯವರೆಗೆ, ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯುವ ಸರ್ಕಾರಿ ಯೋಜನೆಯಾದ ಭಾರತ್‌ನೆಟ್‌ನ ಫೈಬರ್ ಬಂದಿದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯ ಪ್ರಕಾರ ಆ ಫೈಬರನ್ನು ಉಂಗುರದ ಆಕಾರದಲ್ಲಿ ಜೋಡಿಸಬೇಕು, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಹರಿಯಬೇಕು, ಪಂಚಾಯ್ತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆ ಇದ್ದರೆ ಕೊಡಬೇಕು. ಬೇಡಿಕೆ ಇದ್ದರೆ ಎಂಬ ಆ ಮಾತನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗಿದೆ.

ಹಾಗಾಗಿ ಊರಿನ ಆರು ಜನ ಹುಡುಗ ಹುಡುಗಿಯರು ಮತ್ತು ನಾನು ಸೇರಿ ಒಂದು ಪಟ್ಟಿ ಮಾಡುತ್ತಿದ್ದೇವೆ. ಎಲ್ಲ ಕಂಪನಿಗಳ ಸಿಮ್ ಹಿಡಿದು ಪ್ರತಿ ಮನೆಯ ಅಂಗಳದಲ್ಲಿ ನಿಂತು ಒಂದು ಕರೆ ಮಾಡುವುದು, ಹೋಯಿತೇ ಇಲ್ಲವೇ ಬರೆದುಕೊಳ್ಳುವುದು, ಕರೆಂಟ್ ಹೋಗಿ ಆರು ಗಂಟೆಯಾದ ಮೇಲೆ ಇನ್ನೊಮ್ಮೆ ಬಂದು ಅದನ್ನೇ ಮಾಡುವುದು. ಆ ಪಟ್ಟಿಯನ್ನು ಕಂಪನಿಗಳು ಪ್ರಕಟಿಸಿದ ನಕ್ಷೆಯ ಪಕ್ಕದಲ್ಲಿ ಇಟ್ಟು, ಎರಡರ ನಡುವಿನ ಅಂತರವನ್ನು ಗ್ರಾಮಸಭೆಯ ಠರಾವಿನ ಜೊತೆ ಲಗತ್ತಿಸುತ್ತೇವೆ. ಗ್ರಾಮದ ಹೆಸರನ್ನಲ್ಲ, ಕೇರಿಗಳ ಹೆಸರನ್ನು ಒಂದೊಂದಾಗಿ ಠರಾವಿನಲ್ಲಿ ಬರೆಯಬೇಕೆಂದು ಕಾರ್ಯದರ್ಶಿಯವರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಏಳು ಕೇರಿಗಳ ಕೆಲಸ ಮುಗಿದಿದೆ. ಹಳ್ಳದಾಚೆಯ ಎರಡು ಕೇರಿ ಬಾಕಿ ಇವೆ, ಸಂಕದ ಮೇಲೆ ನೀರು ಹರಿಯುತ್ತಿದೆ, ಇಳಿದ ಮೇಲೆ ಹೋಗುತ್ತೇವೆ.